ಹಾಲು ಬಿಡಿಸುವ ಕಾಲ: ಕುದುರೆ ಫಾರಂ ಕಲಿಸುವ ಆರೋಗ್ಯಪಾಠ

ಹೈದರಾಬಾದಿನಲ್ಲಿ ನೆಲೆಸಿರುವ ಕನ್ನಡಿಗರಿಗೆ ಮಲಕಪೇಟೆ ಅಪರಿಚಿತವಾದ ಬಡಾವಣೆಯಲ್ಲ. ಕಾಚಿಗುಡದ ಕಡೆಯಿಂದ ಮೂಸಿ ನದಿಯನ್ನು ದಾಟಿ ಹೋದರೆ ಅಲ್ಲಿಯ ಕುದುರೆ ಪಂದ್ಯದ ಮೈದಾನ ಸಿಗುತ್ತದೆ. ನಗರದ ಹಳೆಯ ಗುರುತುಗಳಲ್ಲಿ ಅದೂ ಒಂದು. 1868ರಲ್ಲಿ ಮೌಲಾ ಅಲಿಯಲ್ಲಿ ಪ್ರಾರಂಭವಾದ ಪಂದ್ಯಗಳು, ಆರನೆಯ ನಿಜಾಮರಾದ ಮೀರ್ ಮಹಬೂಬ್ ಅಲಿ ಖಾನರ ಆಳ್ವಿಕೆಯಲ್ಲಿ, 1886ರಲ್ಲಿ ಮಲಕಪೇಟೆಗೆ ಸ್ಥಳಾಂತರಗೊಂಡವು. ಪಂದ್ಯದ ದಿನ ಅಲ್ಲಿ ನೆರೆಯುವ ಜನಸ್ತೋಮ ಕುದುರೆಯ ಮಿರುಗುವ ಮೈಯನ್ನೂ ನೀಳವಾದ ಕಾಲುಗಳನ್ನೂ ಅದರ ವೇಗವನ್ನೂ ಕಂಡು ಬೆರಗಾಗುತ್ತದೆ. ಆದರೆ ಓಡುವ ಪ್ರತಿಯೊಂದು ಕುದುರೆಯ ಬಾಳಿನಲ್ಲಿಯೂ ಯಾರೂ ಟಿಕೆಟ್ ಕೊಂಡು ನೋಡದ ಒಂದು ದಿನ ಬಂದು ಹೋಗಿರುತ್ತದೆ. ಅದು ಆ ಕುದುರೆ ಮರಿಯಾಗಿದ್ದಾಗ ಅದನ್ನು ತಾಯಿಯ ಹಾಲಿನಿಂದ ಬಿಡಿಸಿದ ದಿನ. ಆ ದಿನವನ್ನು ಹೇಗೆ ನಡೆಸಲಾಯಿತೆಂಬುದು ಕುದುರೆಯ ಜೀರ್ಣಶಕ್ತಿ, ಮೂಳೆಗಳ ಬಲ, ಸ್ವಭಾವ ಇವೆಲ್ಲವುಗಳ ಮೇಲೂ ಪರಿಣಾಮ ಬೀರುತ್ತದೆ ಎಂದು ಪಶುವೈದ್ಯರು ಹೇಳುತ್ತಾರೆ. ಮಕ್ಕಳಿರುವ ಮನೆಯವರೂ ಈ ವಿಷಯದಿಂದ ತಿಳಿದುಕೊಳ್ಳಬೇಕಾದುದು ಸಾಕಷ್ಟಿದೆ.

ಕುಣಿಗಲ್ಲಿನ ಕುದುರೆ ಫಾರಂ

ಪಂದ್ಯದ ಕುದುರೆಗಳು ಹುಟ್ಟುವುದು ಮೈದಾನದ ಲಾಯಗಳಲ್ಲಲ್ಲ, ದೂರದ ಹುಲ್ಲುಗಾವಲುಗಳುಳ್ಳ ಸ್ಟಡ್ ಫಾರಂಗಳಲ್ಲಿ. ಅಂಥವುಗಳಲ್ಲಿ ಕನ್ನಡ ನಾಡಿನ ಹೆಸರಾಂತ ಫಾರಂ ತುಮಕೂರು ಜಿಲ್ಲೆಯ ಕುಣಿಗಲ್ಲಿನದು. ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರ್ ದೂರದಲ್ಲಿ, ಹಾಸನಕ್ಕೆ ಹೋಗುವ ಹೆದ್ದಾರಿಯಲ್ಲಿರುವ ಈ ಊರನ್ನು ಬಸ್ಸಿನಲ್ಲಿ ಹಾದುಹೋದವರೆಲ್ಲ ಬಲ್ಲರು. 400 ಎಕರೆಗೂ ಮಿಗಿಲಾದ ಈ ಫಾರಂ ಟಿಪ್ಪು ಸುಲ್ತಾನನ ಅಶ್ವದಳಕ್ಕೆ ಕುದುರೆಗಳನ್ನು ಒದಗಿಸಲು ಹುಟ್ಟಿಕೊಂಡಿತೆಂಬುದು ಪ್ರಸಿದ್ಧವಾದ ಸಂಗತಿ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಅನಂತರ ಅದು ಇಂಗ್ಲಿಷರ ಕೈಸೇರಿ, ಕಾಲಾಂತರದಲ್ಲಿ ಮೈಸೂರು ಸರಕಾರದ ಅಧೀನಕ್ಕೆ ಬಂದಿತು. ಯುದ್ಧಗಳಲ್ಲಿ ಕುದುರೆಯ ಕಾಲ ಮುಗಿದ ಮೇಲೆ ಪಂದ್ಯದ ಥರೋಬ್ರೆಡ್ ತಳಿಯ ಸಾಕಣೆ ಅಲ್ಲಿ ಮುಖ್ಯವಾಯಿತು. 1992ರಲ್ಲಿ ಫಾರಂ 30 ವರ್ಷಗಳ ಗುತ್ತಿಗೆಯ ಮೇಲೆ ಖಾಸಗಿ ಸಂಸ್ಥೆಯೊಂದಕ್ಕೆ ವಹಿಸಲ್ಪಟ್ಟಿತು. ಅಲ್ಲಿ ಹುಟ್ಟಿ ಬೆಳೆದ ಕುದುರೆಗಳು ದೇಶದ ನಾನಾ ಮೈದಾನಗಳಲ್ಲಿ ಓಡಿ ಹೆಸರು ಗಳಿಸಿವೆ.

ಭಾರತದಲ್ಲಿ ಪಂದ್ಯದ ಕುದುರೆಗಳ ವಯಸ್ಸನ್ನು ಜನವರಿ 1ರಿಂದ ಎಣಿಸುವುದು ರೂಢಿ. ಆದಕಾರಣ ಮರಿಗಳು ವರ್ಷದ ಮೊದಲ ನಾಲ್ಕೈದು ತಿಂಗಳುಗಳಲ್ಲಿಯೇ ಹುಟ್ಟುವಂತೆ ಫಾರಂಗಳಲ್ಲಿ ನೋಡಿಕೊಳ್ಳುತ್ತಾರೆ. ಐದಾರು ತಿಂಗಳು ತುಂಬಿದಾಗ ಹಾಲು ಬಿಡಿಸುವುದರಿಂದ, ಆಷಾಢದಿಂದ ಆಶ್ವಯುಜದವರೆಗಿನ ಮಳೆಯ ದಿನಗಳು ಇಂಥ ಫಾರಂಗಳಲ್ಲಿ ಅಗಲಿಕೆಯ ದಿನಗಳಾಗುತ್ತವೆ.

ಗಿಣ್ಣುಹಾಲಿನ ಮಹತ್ವ

ಕುದುರೆ ಗರ್ಭ ಧರಿಸಿರುವುದು ಸುಮಾರು ಹನ್ನೊಂದು ತಿಂಗಳು. ಹುಟ್ಟಿದ ಮರಿ ಒಂದು ಗಂಟೆಯೊಳಗೆ ಎದ್ದು ನಿಲ್ಲಬೇಕು, ಎರಡು ಗಂಟೆಯೊಳಗೆ ಮೊಲೆಗೆ ಬಾಯಿ ಹಾಕಬೇಕು. ಇದು ಸಯಿಸರಿಗೂ ವೈದ್ಯರಿಗೂ ಬಾಯಿಪಾಠವಾಗಿರುವ ಲೆಕ್ಕ. ಇಲ್ಲಿ ಮನುಷ್ಯನ ಕೂಸಿಗೂ ಕುದುರೆಯ ಮರಿಗೂ ಒಂದು ಮಹತ್ತರವಾದ ವ್ಯತ್ಯಾಸವಿದೆ. ಮನುಷ್ಯರಲ್ಲಿ ತಾಯಿಯ ರೋಗನಿರೋಧಕ ವಸ್ತುಗಳು ಗರ್ಭದಲ್ಲಿರುವಾಗಲೇ ಮಾಸಿನ ಮೂಲಕ ಕೂಸಿಗೆ ಹರಿದು ಬರುತ್ತವೆ. ಕುದುರೆಯ ಮಾಸು ಅವುಗಳನ್ನು ದಾಟಗೊಡುವುದಿಲ್ಲ. ಹಾಗಾಗಿ ಮರಿ ರೋಗದ ಎದುರು ಬರಿಗೈಯಲ್ಲಿ ಹುಟ್ಟುತ್ತದೆ. ಅದಕ್ಕೆ ರಕ್ಷಣೆ ದೊರೆಯುವುದು ತಾಯಿಯ ಗಿಣ್ಣುಹಾಲಿನಿಂದ. ಅದೂ ಮೊದಲ ಹದಿನೆಂಟರಿಂದ ಇಪ್ಪತ್ತನಾಲ್ಕು ಗಂಟೆಗಳೊಳಗೆ. ಆಮೇಲೆ ಮರಿಯ ಕರುಳು ಆ ವಸ್ತುಗಳನ್ನು ಇಡಿಯಾಗಿ ಹೀರಿಕೊಳ್ಳುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ.

ಹೀಗೆ ತಾಯಿಯಿಂದ ಪಡೆದ ರಕ್ಷಣೆ ಶಾಶ್ವತವಲ್ಲ. ತಿಂಗಳುಗಳು ಕಳೆದಂತೆ ಅದು ಕರಗುತ್ತ ಹೋಗುತ್ತದೆ. ಮರಿಯ ಸ್ವಂತ ನಿರೋಧಶಕ್ತಿ ಇನ್ನೂ ಬಲಿಯುತ್ತಿರುವಾಗಲೇ ಹಾಲು ಬಿಡಿಸುವ ಕಾಲವೂ ಹತ್ತಿರವಾಗುತ್ತದೆ. ಧನುರ್ವಾಯು ಮುಂತಾದ ರೋಗಗಳ ವಿರುದ್ಧ ಮರಿಗೆ ಲಸಿಕೆ ಆರಂಭಿಸುವುದು ಸಾಮಾನ್ಯವಾಗಿ ನಾಲ್ಕರಿಂದ ಆರನೆಯ ತಿಂಗಳಲ್ಲಿ. ಲಸಿಕೆ, ಜಂತುಹುಳುವಿನ ಔಷಧ, ಹೊಸ ಆಹಾರ, ತಾಯಿಯ ಅಗಲಿಕೆ ಇವೆಲ್ಲವೂ ಒಂದೇ ವಾರದಲ್ಲಿ ಮರಿಯ ಮೇಲೆ ಬೀಳದಂತೆ ಎಚ್ಚರ ವಹಿಸುವುದು ಒಳ್ಳೆಯ ಫಾರಂನ ಲಕ್ಷಣ. ಮರಿಗೆ ಒಂದು ಸಲಕ್ಕೆ ಒಂದೇ ಹೊಸ ಕಷ್ಟ ಎದುರಾಗಬೇಕು.

ಹಾಲನ್ನು ಬಿಡಿಸುವುದೇಕೆ?

ಕಾಡುಕುದುರೆಗಳ ಹಿಂಡಿನಲ್ಲಿ ಯಾರೂ ಮರಿಯ ಹಾಲು ಬಿಡಿಸುವುದಿಲ್ಲ. ಮುಂದಿನ ಮರಿ ಹುಟ್ಟುವುದಕ್ಕೆ ಕೆಲವು ವಾರ ಮೊದಲು, ಅಂದರೆ ಒಂಬತ್ತು ಹತ್ತು ತಿಂಗಳಾದಾಗ, ತಾಯಿಯೇ ಮೊಲೆ ಕೊಡಲು ನಿರಾಕರಿಸುತ್ತದೆ. ಫಾರಂಗಳಲ್ಲಿ ಆ ತನಕ ಕಾಯುವುದಿಲ್ಲ. ಹೆರಿಗೆಯಾದ ವಾರ ಹತ್ತು ದಿನಗಳಲ್ಲಿಯೇ ಕುದುರೆ ಮತ್ತೆ ಬೆದೆಗೆ ಬರುತ್ತದೆ. ಬಹುಪಾಲು ತಾಯಂದಿರು ಒಂದು ಮರಿಗೆ ಹಾಲೂಡುತ್ತಲೇ ಇನ್ನೊಂದನ್ನು ಹೊಟ್ಟೆಯಲ್ಲಿ ಹೊತ್ತಿರುತ್ತವೆ. ಸುಮಾರು 500 ಕಿಲೋ ತೂಕದ ತಾಯಿ ಹಾಲು ಹೆಚ್ಚಾಗಿರುವ ಮೊದಲ ತಿಂಗಳುಗಳಲ್ಲಿ ದಿನಕ್ಕೆ ಹತ್ತರಿಂದ ಹದಿನೈದು ಕಿಲೋ ಹಾಲು ಕೊಡುತ್ತದೆ. ಎರಡು ಮೂರು ತಿಂಗಳ ಅನಂತರ ಹಾಲಿನ ಪ್ರಮಾಣವೂ ಸತ್ತ್ವವೂ ಇಳಿಮುಖವಾಗುತ್ತವೆ. ಅತ್ತ ಮರಿಯ ಹಸಿವು ದಿನೇ ದಿನೇ ಏರುತ್ತಿರುತ್ತದೆ. ಹುಟ್ಟಿದಾಗ 50 ಕಿಲೋ ಇದ್ದ ಮರಿ ಆರು ತಿಂಗಳಿಗೆ ಬೆಳೆದ ಕುದುರೆಯ ತೂಕದ ಅರ್ಧದ ಸಮೀಪಕ್ಕೆ ಬಂದಿರುತ್ತದೆ. ಆ ಹೊತ್ತಿಗೆ ಅದರ ಬೆಳವಣಿಗೆಗೆ ಹಾಲಿನ ಪಾಲು ಅಲ್ಪ. ಹುಲ್ಲು ಮತ್ತು ಧಾನ್ಯಗಳದೇ ದೊಡ್ಡ ಪಾಲು.

ಅಗಲಿಕೆಗೆ ಮೊದಲ ಸಿದ್ಧತೆ

ಹಾಗಾದರೆ ಹಾಲು ಬಿಡಿಸುವ ಕೆಲಸ ನಿಜವಾಗಿ ಆರಂಭವಾಗುವುದು ಅಗಲಿಸುವ ದಿನಕ್ಕೆ ಎರಡು ಮೂರು ತಿಂಗಳು ಮೊದಲೇ. ಮರಿ ಮೊದಲ ವಾರಗಳಿಂದಲೇ ತಾಯಿಯ ಮಗ್ಗುಲಲ್ಲಿ ನಿಂತು ಹುಲ್ಲನ್ನು ಮೂಸುತ್ತದೆ, ತಾಯಿಯ ಬಕೆಟ್ಟಿಗೆ ಮೂತಿ ತೂರಿಸುತ್ತದೆ. ತಾಯಿಯ ಲದ್ದಿಯನ್ನು ತಿನ್ನುವುದೂ ಉಂಟು. ನೋಡುವವರಿಗೆ ಇದು ಅಸಹ್ಯವೆನಿಸಿದರೂ, ಹುಲ್ಲನ್ನು ಅರಗಿಸಲು ಬೇಕಾದ ಸೂಕ್ಷ್ಮಜೀವಿಗಳು ಮರಿಯ ಕರುಳನ್ನು ಸೇರುವ ದಾರಿಗಳಲ್ಲಿ ಇದೂ ಒಂದು.

ಈ ಕುತೂಹಲವನ್ನೇ ಬಳಸಿಕೊಂಡು ಹುಲ್ಲುಗಾವಲಿನ ಒಂದು ಮೂಲೆಯಲ್ಲಿ ಗಳುಗಳನ್ನು ಅಡ್ಡ ಕಟ್ಟಿ ಒಂದು ಸಣ್ಣ ಆವರಣವನ್ನು ಮಾಡುತ್ತಾರೆ. ಮರಿ ಅದರಡಿಯಲ್ಲಿ ನುಸುಳಬಲ್ಲದು. ತಾಯಿಗೆ ಎದೆ ಅಡ್ಡವಾಗುತ್ತದೆ. ಒಳಗೆ ಮರಿಯ ಪಾಲಿನ ಓಟ್ಸ್, ಬೂಸಾ, ಖನಿಜಾಂಶಗಳನ್ನು ಬೆರೆಸಿದ ತಿನಿಸು ಇರುತ್ತದೆ. ಜೊತೆಗೆ ಕುದುರೆ ಮಸಾಲೆ ಸೊಪ್ಪು. ನಮ್ಮ ಹಿರಿಯರು ಕುದುರೆಗೆ ಹುರುಳಿಯನ್ನು ಬೇಯಿಸಿ ಹಾಕುತ್ತಿದ್ದುದು ಅನೇಕರಿಗೆ ನೆನಪಿರಬಹುದು. ಇಂದು ಮರಿಗಳಿಗೆ ಸಮತೋಲ ಆಹಾರವನ್ನು ಅಳತೆಯಿಂದ ಕೊಡುತ್ತಾರೆ. ತಿಂಗಳಿಗೆ ಅರ್ಧ ಕಿಲೋ ಎಂಬುದು ಸ್ಥೂಲವಾದ ಲೆಕ್ಕ. ಅಂದರೆ ಮೂರು ತಿಂಗಳ ಮರಿಗೆ ದಿನಕ್ಕೆ ಒಂದೂವರೆ ಕಿಲೋ. ಅತಿಯಾಗಿ ತಿನ್ನಿಸುವುದೂ ಹಾನಿಕರವೇ. ಧಾನ್ಯ ಮಿತಿಮೀರಿ ಮೈ ಬೇಗ ತುಂಬಿಕೊಂಡ ಮರಿಯ ಎಳೆಯ ಮೂಳೆಗಳು ಆ ಭಾರವನ್ನು ತಾಳಲಾರದೆ ಕೀಲುಗಳಲ್ಲಿ ಊತ, ಕಾಲುಗಳಲ್ಲಿ ಸೊಟ್ಟ ಕಾಣಿಸಿಕೊಳ್ಳಬಹುದು.

ಇದೇ ಅವಧಿಯಲ್ಲಿ ಮರಿಗೆ ಹಾಲ್ಟರ್ ಹಾಕಿಸಿಕೊಳ್ಳುವುದನ್ನೂ, ಸಯಿಸನ ಕೈಗೆ ಒಗ್ಗುವುದನ್ನೂ, ಗೊರಸು ಎತ್ತಿಕೊಡುವುದನ್ನೂ ರೂಢಿ ಮಾಡಿಸುತ್ತಾರೆ. ತಾಯಿ ಪಕ್ಕದಲ್ಲಿರುವಾಗ ಕಲಿತದ್ದು ಅದು ಇಲ್ಲದ ದಿನ ಆಸರೆಯಾಗುತ್ತದೆ.

ಅಗಲಿಸುವ ರೀತಿ

ಹಿಂದೆ ಬಹಳ ಕಡೆ ಒಂದು ಬೆಳಗ್ಗೆ ಮರಿಯನ್ನು ತಾಯಿಯಿಂದ ಎಳೆದು ತಂದು, ಕತ್ತಲೆಯ ಲಾಯದಲ್ಲಿ ಒಂಟಿಯಾಗಿ ಕೂಡಿಹಾಕಿ ಬಾಗಿಲು ಮುಚ್ಚುತ್ತಿದ್ದರು. ಎರಡು ಮೂರು ದಿನ ಕೆನೆದು, ಗೋಡೆ ಒದ್ದು, ಬೆವರಿ, ದಣಿದು ಮರಿ ಸುಮ್ಮನಾಗುತ್ತಿತ್ತು. ಸುಮ್ಮನಾದುದನ್ನೇ ಒಗ್ಗಿಕೊಂಡಿತೆಂದು ಬಗೆಯುತ್ತಿದ್ದರು. ಆ ಮರಿ ಒಂದೇ ದಿನದಲ್ಲಿ ಹಾಲನ್ನು, ತಾಯಿಯನ್ನು, ಜೊತೆಗಾರರನ್ನು, ಬಯಲನ್ನು, ಎಲ್ಲವನ್ನೂ ಕಳೆದುಕೊಂಡಿರುತ್ತಿತ್ತು.

ಇದಕ್ಕಿಂತ ಮೇಲಾದ ಪದ್ಧತಿಯಲ್ಲಿ ಮರಿಗಳು ತಮ್ಮ ಪರಿಚಿತವಾದ ಹುಲ್ಲುಗಾವಲಿನಲ್ಲಿಯೇ ಉಳಿಯುತ್ತವೆ, ಹೊರಡುವುದು ತಾಯಂದಿರು. ಎಂಟು ತಾಯಿ-ಮರಿಗಳ ಗುಂಪಿದ್ದರೆ, ಎಲ್ಲಕ್ಕಿಂತ ದೊಡ್ಡದಾದ, ಧೈರ್ಯವಂತ ಮರಿಯ ತಾಯಿಯನ್ನು ಮೊದಲು ಹೊರಗೆ ಕರೆದೊಯ್ಯುತ್ತಾರೆ. ಕಣ್ಣಿಗೆ ಕಾಣದ, ಕೆನೆತ ಕೇಳದ ದೂರದಲ್ಲಿ ಅದಕ್ಕೆ ಬೇರೆ ಜಾಗ ಸಿದ್ಧವಾಗಿರುತ್ತದೆ. ಮರಿ ಬೇಲಿಯುದ್ದಕ್ಕೂ ಓಡಾಡಿ ಕೂಗುತ್ತದೆ. ಆದರೆ ಸುತ್ತಲಿನ ಉಳಿದ ಕುದುರೆಗಳು ಎಂದಿನಂತೆ ಮೇಯುತ್ತಿರುವುದನ್ನು ಕಂಡು, ಬೇರೆ ಮರಿಗಳೊಡನೆ ಸೇರಿ ಬೇಗ ಸಮಾಧಾನಗೊಳ್ಳುತ್ತದೆ. ಕೆಲವು ದಿನ ಬಿಟ್ಟು ಇನ್ನೊಂದು ತಾಯಿ, ಮತ್ತೆ ಕೆಲವು ದಿನಕ್ಕೆ ಮತ್ತೊಂದು. ಕೊನೆಗೆ ಮರಿಗಳ ಗುಂಪು ಮಾತ್ರ ಉಳಿಯುತ್ತದೆ. ಅವುಗಳ ನಡುವೆ ಮರಿಯಿಲ್ಲದ, ಶಾಂತ ಸ್ವಭಾವದ ಒಂದು ಹಳೆಯ ಹೆಣ್ಣು ಕುದುರೆಯನ್ನು ಬಿಡುವುದೂ ಉಂಟು. ಈ ಅಜ್ಜಿ ಕುದುರೆ ಹಾಲು ಕೊಡುವುದಿಲ್ಲ. ಆದರೆ ಅದು ಹೆದರದಿದ್ದರೆ ಮರಿಗಳೂ ಹೆದರುವುದಿಲ್ಲ. ಕಾಯಿಲೆಯ ಮರಿ, ಮೈ ಹಿಡಿಯದ ಮರಿ ಇದ್ದರೆ ಅದರ ಸರದಿಯನ್ನು ಮುಂದಕ್ಕೆ ಹಾಕುತ್ತಾರೆ.

ತಾಯಿಯ ಆರೈಕೆಯನ್ನೂ ಮರೆಯುವಂತಿಲ್ಲ. ಅಗಲಿಸುವುದಕ್ಕೆ ಒಂದು ವಾರ ಮೊದಲೇ ಅದರ ಧಾನ್ಯವನ್ನು ಇಳಿಸಿದರೆ ಹಾಲು ತಗ್ಗತೊಡಗುತ್ತದೆ. ಅಗಲಿದ ಮೇಲೆ ಮೂರರಿಂದ ಐದು ದಿನ ಕೆಚ್ಚಲು ಬಿಗಿದು ಊದಿಕೊಳ್ಳುತ್ತದೆ. ಕನಿಕರದಿಂದ ಹಿಂಡಿದರೆ ಮತ್ತೆ ಹಾಲು ಇಳಿಯುತ್ತದೆ. ತುಂಬಿ ನಿಂತ ಹಾಲಿನ ಒತ್ತಡವೇ ಹೊಸ ಹಾಲನ್ನು ತಡೆಯುವ ಸೂಚನೆ. ಕೆಚ್ಚಲು ಕಾದಿದ್ದರೆ, ಮುಟ್ಟಿದರೆ ನೋವಾಗುತ್ತಿದ್ದರೆ, ಜ್ವರವಿದ್ದರೆ ಅದು ಕೆಚ್ಚಲು ಬಾವು, ವೈದ್ಯರನ್ನು ಕರೆಸಲೇಬೇಕು.

ಅವಸರದ ಬೆಲೆ

ಅವಸರಪಟ್ಟರೆ ಏನಾಗುತ್ತದೆ? ಮರಿ ತಿನ್ನುವುದನ್ನು ಬಿಟ್ಟು ತೂಕ ಕಳೆದುಕೊಳ್ಳುತ್ತದೆ, ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ನೆಗಡಿ ಕೆಮ್ಮುಗಳು ಬೇಗ ತಗಲುತ್ತವೆ. ಇವು ವಾಸಿಯಾಗಬಹುದು. ಆದರೆ ಕೆಲವು ಚಾಳಿಗಳು ಜೀವಮಾನ ಪೂರ್ತಿ ಉಳಿಯುತ್ತವೆ. ಬಾಗಿಲಿನ ಮರವನ್ನು ಹಲ್ಲಿನಿಂದ ಕಚ್ಚಿ ಹಿಡಿದು ಗಾಳಿ ನುಂಗುವುದು, ನಿಂತಲ್ಲಿಯೇ ತೂಗಾಡುವುದು ಅಂಥವು. ಇಂಗ್ಲೆಂಡಿನ ಸಂಶೋಧಕರು 225 ಎಳೆಯ ಕುದುರೆಗಳನ್ನು ನಾಲ್ಕು ವರ್ಷ ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಬೆಳಕು ಚೆಲ್ಲಿದೆ. ಲಾಯದಲ್ಲಿ ಕೂಡಿಹಾಕಿ ಹಾಲು ಬಿಡಿಸಿದ ಮರಿಗಳಲ್ಲಿ ಇಂಥ ಚಾಳಿಗಳು ಹುಲ್ಲುಗಾವಲಿನಲ್ಲಿ ಹಾಲು ಬಿಡಿಸಿದವಕ್ಕಿಂತ ಹೆಚ್ಚಾಗಿ ಕಂಡುಬಂದವು. ಹಾಲು ಬಿಟ್ಟ ಒಡನೆಯೇ ಧಾನ್ಯವನ್ನು ಹೇರಳವಾಗಿ ತಿನ್ನಿಸುವುದೂ ಮರ ಕಚ್ಚುವ ಚಾಳಿಗೆ ಕಾರಣವಾಗುವುದೆಂದು ಅದು ತೋರಿಸಿತು.

ತಾರ್ನಾಕದ ಪಾಠ

ಕುದುರೆಮರಿಯ ಮಾತು ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಹಾಲು ಬಿಡಿಸುವ ಕಾಲದಲ್ಲಿ ಮನುಷ್ಯನ ಮಗುವಿಗೆ ಆಗುವ ಹಾನಿಯನ್ನು ಆಳವಾಗಿ ಅಧ್ಯಯನ ಮಾಡಿದ ಸಂಸ್ಥೆಯೊಂದು ಇದೇ ಹೈದರಾಬಾದಿನಲ್ಲಿದೆ. ಅದೇ ತಾರ್ನಾಕದ ರಾಷ್ಟ್ರೀಯ ಪೋಷಣ ಸಂಸ್ಥೆ. 1918ರಲ್ಲಿ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಆರಂಭಿಸಿದ ಸಣ್ಣ ಪ್ರಯೋಗಾಲಯ ಬೆಳೆದು, 1958ರಲ್ಲಿ ಹೈದರಾಬಾದಿಗೆ ಬಂದು, 1969ರಲ್ಲಿ ಈ ಹೆಸರನ್ನು ಪಡೆಯಿತು.

1930ರ ದಶಕದಲ್ಲಿ ಆಫ್ರಿಕದ ಗೋಲ್ಡ್ ಕೋಸ್ಟ್‌ನಲ್ಲಿ, ಅಂದರೆ ಇಂದಿನ ಘಾನಾದಲ್ಲಿ, ಡಾ. ಸಿಸಿಲಿ ವಿಲಿಯಮ್ಸ್ ಒಂದು ಕಾಯಿಲೆಯನ್ನು ಗುರುತಿಸಿದ್ದರು. ಕಾಲು ಊದಿ, ಕೂದಲು ಕೆಂಚಾಗಿ, ಮಗು ನಗುವನ್ನೇ ಮರೆಯುತ್ತಿತ್ತು. ಸ್ಥಳೀಯರು ಅದಕ್ಕೆ ‘ಕ್ವಾಶಿಯೋರ್ಕರ್’ ಎನ್ನುತ್ತಿದ್ದರು. ಮುಂದಿನ ಕೂಸು ಹುಟ್ಟಿದಾಗ ತಾಯಿಯ ಮಡಿಲಿನಿಂದ ಸರಿಸಲ್ಪಟ್ಟ ಮಗುವಿಗೆ ಬರುವ ರೋಗ ಎಂಬುದು ಅದರ ಭಾವ. ದಕ್ಷಿಣ ಭಾರತದ ಬಡ ಮಕ್ಕಳಲ್ಲಿ ಈ ರೋಗವನ್ನು ಡಾ. ಸಿ. ಗೋಪಾಲನ್ ಮತ್ತು ಅವರ ಸಹೋದ್ಯೋಗಿಗಳು ಅಧ್ಯಯನ ಮಾಡಿದರು. ಮೊಲೆಹಾಲು ತಪ್ಪಿದ ಮಗುವಿಗೆ ಸಿಗುತ್ತಿದ್ದುದು ನೀರಾದ ಗಂಜಿ. ಸಣ್ಣ ಹೊಟ್ಟೆ ಅದರಿಂದ ತುಂಬುತ್ತಿತ್ತು, ಶಕ್ತಿ ಮಾತ್ರ ದೊರೆಯುತ್ತಿರಲಿಲ್ಲ. ದುಬಾರಿ ಡಬ್ಬಿಗಳ ಅಗತ್ಯವಿಲ್ಲ, ಮನೆಯ ಧಾನ್ಯ ಮತ್ತು ಬೇಳೆಗಳನ್ನೇ ಸಾಕಷ್ಟು ಪ್ರಮಾಣದಲ್ಲಿ ಕೊಟ್ಟರೆ ಮಗು ಚೇತರಿಸಿಕೊಳ್ಳುವುದೆಂದು ಅವರು ತೋರಿಸಿಕೊಟ್ಟರು. ನ್ಯೂನಪೋಷಣೆಯ ಮಕ್ಕಳಿಗಾಗಿ ಇಲ್ಲಿ ರೂಪುಗೊಂಡ ‘ಹೈದರಾಬಾದ್ ಮಿಕ್ಸ್’ನಲ್ಲಿ ಇರುವುದು ಹುರಿದ ಗೋಧಿ 40 ಗ್ರಾಂ, ಹುರಿಗಡಲೆ 16 ಗ್ರಾಂ, ಹುರಿದ ನೆಲಗಡಲೆ 10 ಗ್ರಾಂ, ಬೆಲ್ಲ ಅಥವಾ ಸಕ್ಕರೆ 20 ಗ್ರಾಂ. ಇದರಿಂದ ದೊರೆಯುವುದು ಸುಮಾರು 330 ಕ್ಯಾಲೊರಿ, 11 ಗ್ರಾಂ ಸಸಾರಜನಕ.

ನಮ್ಮ ಮನೆಗಳಲ್ಲಿ

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಕುದುರೆಮರಿ ಆರು ತಿಂಗಳಿಗೆ ಹಾಲನ್ನು ಪೂರ್ತಿ ಬಿಡಬಲ್ಲದು. ಅದಕ್ಕೆ ಹಲ್ಲು ಬಂದಿದೆ, ಹುಲ್ಲು ಅರಗುತ್ತದೆ. ಆರು ತಿಂಗಳ ಕೂಸಿಗೆ ಅದು ಆಹಾರ ಆರಂಭವಾಗುವ ಕಾಲವೇ ಹೊರತು ಹಾಲು ಮುಗಿಯುವ ಕಾಲವಲ್ಲ. ಕುದುರೆ ಫಾರಂನಿಂದ ಕಲಿಯಬೇಕಾದುದು ಕ್ರಮವನ್ನು, ಕಾಲದ ಲೆಕ್ಕವನ್ನಲ್ಲ.

ಹಿಂದೆ ಊರುಗಳಲ್ಲಿ ಮೊಲೆಗೆ ಬೇವಿನ ರಸ ಹಚ್ಚುವುದೂ, ಮಗುವನ್ನು ಒಮ್ಮೆಲೇ ಅಜ್ಜಿಯ ಊರಿಗೆ ಕಳುಹಿಸಿಬಿಡುವುದೂ ಇತ್ತು. ಅಲ್ಲಿ ಕೊನೆಯ ಪಕ್ಷ ಪರಿಚಿತವಾದ ಮಡಿಲುಗಳಾದರೂ ಇದ್ದವು. ಬೀದರ, ಕಲಬುರಗಿ, ರಾಯಚೂರುಗಳಿಂದಲೋ ಮೈಸೂರಿನ ಕಡೆಯಿಂದಲೋ ಬಂದು ಮಹಾನಗರದ ಫ್ಲಾಟುಗಳಲ್ಲಿ ಇರುವ ಸಂಸಾರದಲ್ಲಿ ಅಜ್ಜಿ ದೂರ, ನೆರೆಹೊರೆ ಹೊಸದು. 2017ರ ತಿದ್ದುಪಡಿಯಂತೆ, ಕಾನೂನಿನ ವ್ಯಾಪ್ತಿಗೆ ಒಳಪಟ್ಟ ಉದ್ಯೋಗಗಳಲ್ಲಿ ಮೊದಲ ಎರಡು ಮಕ್ಕಳಿಗೆ ದೊರೆಯುವ ಹೆರಿಗೆ ರಜೆ 26 ವಾರಗಳು, ಎಂದರೆ ಆರು ತಿಂಗಳು. ರಜೆ ಮುಗಿಯುವ ಸೋಮವಾರವೇ ಕೂಸು ಹಗಲಿನ ಮೊಲೆಹಾಲನ್ನೂ ತಾಯಿಯನ್ನೂ ಮನೆಯನ್ನೂ ಬಿಟ್ಟು, ಹೊಸ ಆಹಾರ, ಹೊಸ ಮುಖಗಳ ನಡುವೆ ಬೀಳುವುದುಂಟು. ಕತ್ತಲೆಯ ಲಾಯದ ಮರಿಗೆ ಆಗುತ್ತಿದ್ದುದು ಇದೇ. ಆದ್ದರಿಂದ ತಾಯಂದಿರೂ ಮನೆಯವರೂ ಈ ಅಂಶಗಳನ್ನು ಗಮನಿಸುವುದು ಒಳಿತು:

1. ಮೊದಲ ಆರು ತಿಂಗಳು ತಾಯಿಯ ಹಾಲು ಮಾತ್ರ, ನೀರೂ ಬೇಡ. ಆರು ತಿಂಗಳು ತುಂಬಿದ ಮೇಲೆ ಮೆತ್ತನೆಯ, ಗಟ್ಟಿಯಾದ ಆಹಾರವನ್ನು ಆರಂಭಿಸಿ, ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಮೊಲೆಹಾಲನ್ನು ಮುಂದುವರಿಸಬೇಕು.

2. ನಮ್ಮ ರಾಗಿ ಸರಿ, ನುಣ್ಣಗೆ ಹಿಸುಕಿದ ಬೇಳೆ ಅನ್ನ ತುಪ್ಪ, ಬೇಯಿಸಿದ ತರಕಾರಿ, ಬಾಳೆಹಣ್ಣು ಉತ್ತಮವಾದ ಆರಂಭ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಸರಿಯು ಚಮಚದಲ್ಲಿ ನಿಲ್ಲುವಷ್ಟು ಗಟ್ಟಿಯಾಗಿರಲಿ. ಒಂದು ಹೊಸ ಆಹಾರಕ್ಕೂ ಇನ್ನೊಂದಕ್ಕೂ ಮೂರು ನಾಲ್ಕು ದಿನ ಅಂತರವಿರಲಿ. ಇಂದಿನ ಮಾರ್ಗಸೂಚಿಯಂತೆ ಎರಡು ವರ್ಷದೊಳಗಿನ ಮಗುವಿನ ಆಹಾರಕ್ಕೆ ಸಕ್ಕರೆ ಸೇರಿಸಬಾರದು. ಒಂದು ವರ್ಷದೊಳಗೆ ಜೇನುತುಪ್ಪವೂ ಸಲ್ಲದು.

3. ತಾಯಿ ಕೆಲಸಕ್ಕೆ ಹೊರಡುವ ಎರಡು ಮೂರು ವಾರ ಮೊದಲೇ, ಮಗುವನ್ನು ನೋಡಿಕೊಳ್ಳುವ ಅಜ್ಜಿಯಾಗಲಿ ಆಯಾ ಆಗಲಿ ತಾಯಿಯ ಎದುರಿನಲ್ಲಿಯೇ ಅದಕ್ಕೆ ಉಣಿಸಲು ತೊಡಗಬೇಕು.

4. ಹಿಂಡಿಟ್ಟ ಮೊಲೆಹಾಲು ಸಾಧಾರಣ ಉಷ್ಣತೆಯಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ ಕೆಡದೆ ಇರುತ್ತದೆ. ಹೈದರಾಬಾದಿನ ಬೇಸಗೆಯಲ್ಲಿ ಅದನ್ನು ಒಡನೆಯೇ ಫ್ರಿಜ್ಜಿನಲ್ಲಿಡುವುದು ಕ್ಷೇಮ.

5. ಮುಂದೆ ಹಾಲು ಬಿಡಿಸುವಾಗ ದಿನದ ಒಂದೊಂದೇ ಸರದಿಯನ್ನು ವಾರಗಳ ಅಂತರದಲ್ಲಿ ಕಡಿಮೆ ಮಾಡಬೇಕು, ರಾತ್ರಿಯದು ಕೊನೆಗೆ. ಮಗುವಿಗೆ ಜ್ವರ, ಭೇದಿ ಇರುವಾಗ, ಮನೆ ಬದಲಿಸುವಾಗ, ತಾಯಿ ಊರಿಗೆ ಹೋಗುವಾಗ ಆ ಕೆಲಸಕ್ಕೆ ಕೈಹಾಕಬಾರದು. ಆದರೆ ಮಗುವಿನ ಲಸಿಕೆಗಳನ್ನು ಈ ನೆಪದಿಂದ ಮುಂದೂಡಲಾಗದು.

6. ತಾಯಿಯ ಎದೆ ಬಿಗಿದು ನೋವಾದರೆ ನೋವು ತಗ್ಗುವಷ್ಟು ಮಾತ್ರ ಹಾಲನ್ನು ಹಿಂಡಿ ತೆಗೆಯಬಹುದು. ಕೆಂಪಾಗಿ ಜ್ವರ ಬಂದರೆ, ಅಥವಾ ಮಗುವಿನ ತೂಕ ಏರದಿದ್ದರೆ, ವೈದ್ಯರನ್ನು ಕಾಣಬೇಕು.

ತಾಯಿ ಹೊರಟುಹೋದ ಹುಲ್ಲುಗಾವಲಿನಲ್ಲಿ ಮರಿ ಮೊದಲ ದಿನ ಬೇಲಿಯ ಬಳಿಯೇ ನಿಲ್ಲುತ್ತದೆ. ಮರುದಿನ ಕೂಗು ಕಡಿಮೆಯಾಗುತ್ತದೆ. ಸಿದ್ಧತೆ ಸರಿಯಾಗಿದ್ದರೆ ಕೆಲವೇ ದಿನಗಳಲ್ಲಿ ಅದು ಜೊತೆಯ ಮರಿಗಳ ನಡುವೆ, ಆ ಹಳೆಯ ಅಜ್ಜಿ ಕುದುರೆಯ ನೆರಳಿನಲ್ಲಿ, ತಲೆ ತಗ್ಗಿಸಿ ಮೇಯತೊಡಗುತ್ತದೆ. ಅಗಲಿಕೆಯನ್ನು ತಪ್ಪಿಸಲು ಯಾರಿಂದಲೂ ಆಗದು. ಆದರೆ ಅಗಲುವ ಮುನ್ನ ಆಹಾರವನ್ನೂ ಒಡನಾಟವನ್ನೂ ಪರಿಚಿತವಾದ ಜಾಗವನ್ನೂ ಸಿದ್ಧಪಡಿಸಿಡುವುದು ಹಿರಿಯರ ಕೈಯಲ್ಲಿದೆ. ಊರನ್ನು ಬಿಟ್ಟು ಬಂದು ಪರಸ್ಥಳದಲ್ಲಿ ಬೇರೂರಿದ ಕನ್ನಡ ಕುಟುಂಬಗಳಿಗೆ ಇದನ್ನು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ.